ಹಳೆಯ ಕಂಪ್ಯೂಟರಿನ ಕನ್ನಡವನ್ನು ಹೊಸದಕ್ಕೆ ಒಯ್ಯುವುದು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲು ಬೆಂಬಲ ನಿಲ್ಲಿಸಿತು. ಅಂದಿನಿಂದ ನಮ್ಮ ಕೆಜಿಎಫ್‌ನ, ಅಂದರೆ ಕೋಲಾರ ಚಿನ್ನದ ಗಣಿಯ ಊರಿನ, ರಾಬರ್ಟ್‌ಸನ್‌ಪೇಟೆಯ ಡಿಟಿಪಿ ಅಂಗಡಿಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ, ಫ್ಲೆಕ್ಸ್ ಮಾಡುವವರ ಹತ್ತಿರ ಒಂದೇ ಪ್ರಶ್ನೆ ಓಡಾಡುತ್ತಿದೆ. ಇರುವ ಕಂಪ್ಯೂಟರಿಗೆ ವಿಂಡೋಸ್ 11 ಹಾಕೋಣವೆಂದರೆ ಅದು ಕೇಳುವ ಭದ್ರತೆಯ ಚಿಪ್ಪಾಗಲಿ ಅದು ಒಪ್ಪುವ ಪ್ರೊಸೆಸರಾಗಲಿ ಹಳೆಯ ಯಂತ್ರಗಳಲ್ಲಿಲ್ಲ. ಯಂತ್ರವೇನೋ ಗಟ್ಟಿಮುಟ್ಟಾಗಿದೆ, ಇನ್ನೂ ನಾಲ್ಕಾರು ವರ್ಷ ದುಡಿಯುತ್ತದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಹೊಸ ಯಂತ್ರದಂತೆಯೇ ಓಡುತ್ತದೆ, ಕಾಸೂ ಕೊಡಬೇಕಿಲ್ಲ. ಆದರೆ ಅಂಗಡಿಯವರು ಕೇಳುತ್ತಾರೆ: ‘ಸಾರ್, ಲಿನಕ್ಸ್ ಹಾಕಿದ್ರೆ ನುಡಿ ಬರುತ್ತಾ? ಪೇಜ್‌ಮೇಕರ್ ಬರುತ್ತಾ? ಹಳೇ ಫೈಲೆಲ್ಲ ಓಪನ್ ಆಗುತ್ತಾ?’

ನುಡಿ ಎಂದರೆ ಕನ್ನಡ ಬರೆಯುವ ತಂತ್ರಾಂಶ, ಪೇಜ್‌ಮೇಕರ್ ಎಂದರೆ ಪುಟವಿನ್ಯಾಸದ ತಂತ್ರಾಂಶ. ಈ ಮೂರು ಪ್ರಶ್ನೆಗಳ ಬಗ್ಗೆಯೇ ಇವತ್ತು ಮಾತಾಡುತ್ತೇನೆ. ಒಂದು ಆಪರೇಟಿಂಗ್ ಸಿಸ್ಟಮ್‌ಗೆಂದು ಬರೆದ ತಂತ್ರಾಂಶವನ್ನು ಇನ್ನೊಂದಕ್ಕೆ ಒಗ್ಗಿಸುವ ಕೆಲಸವನ್ನು ಕಂಪ್ಯೂಟರಿನವರು ಪೋರ್ಟಿಂಗ್ ಎನ್ನುತ್ತಾರೆ. ದೊಡ್ಡ ಕಂಪನಿಗಳಲ್ಲಿ ಅದಕ್ಕೆಂದೇ ತಂಡಗಳಿರುತ್ತವೆ. ನಮ್ಮ ಸಣ್ಣ ಊರಿನ ಅಂಗಡಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಸಂಬಂಧ ನೇರವಾಗಿಯೇ ಇದೆ.

ಕೋಲಾರ ಚಿನ್ನದ ಗಣಿಯ ಜನಕ್ಕೆ ಇದನ್ನು ವಿವರಿಸಲು ದೂರದ ಉದಾಹರಣೆ ಬೇಕಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ನಮ್ಮ ಗಣಿಗೆ ವಿದ್ಯುತ್ ತಂದರು. ಅಲ್ಲಿ ತಯಾರಾಗುತ್ತಿದ್ದದ್ದು ಸೆಕೆಂಡಿಗೆ 25 ಆವರ್ತದ ವಿದ್ಯುತ್ತು. ಇವತ್ತು ನಮ್ಮ ಮನೆಗಳಿಗೆ ಬರುವುದು 50 ಆವರ್ತದ್ದು. 25ಕ್ಕೆಂದು ಸುತ್ತಿದ ಮೋಟಾರನ್ನು ತಂದು 50ರ ತಂತಿಗೆ ಕೊಟ್ಟರೆ ಅದು ಎರಡರಷ್ಟು ವೇಗದಲ್ಲಿ ತಿರುಗಲು ಹೊರಡುತ್ತದೆ. ಅದಕ್ಕೆ ಜೋಡಿಸಿದ ಪಂಪಾಗಲಿ ಫ್ಯಾನಾಗಲಿ ಆ ವೇಗಕ್ಕೆ ಮಾಡಿದ್ದಲ್ಲ. ಮೋಟಾರಿನಲ್ಲೂ ದೋಷವಿಲ್ಲ, ವಿದ್ಯುತ್ತಿನಲ್ಲೂ ದೋಷವಿಲ್ಲ, ಒಂದಕ್ಕೊಂದು ಹೊಂದುವುದಿಲ್ಲ ಅಷ್ಟೆ. ಆಗ ಇರುವುದು ಎರಡೇ ದಾರಿ. ನಡುವೆ ಆವರ್ತ ಬದಲಿಸುವ ಯಂತ್ರವೊಂದನ್ನು ಕೂರಿಸಬೇಕು, ಇಲ್ಲವೆ ಮೋಟಾರನ್ನೇ ಬಿಚ್ಚಿ ಹೊಸದಾಗಿ ಸುತ್ತಬೇಕು. ಬಿಚ್ಚಿ ಸುತ್ತಬೇಕಾದರೆ ಅದು ಬಿಚ್ಚಲು ಬರುವಂತಿರಬೇಕು, ಒಳಗಿನ ಸುತ್ತು ಕಣ್ಣಿಗೆ ಕಾಣಬೇಕು.

ತಂತ್ರಾಂಶದ ಕಥೆಯೂ ಹೀಗೆಯೇ. ಯಾವ ತಂತ್ರಾಂಶವೂ ತಾನಾಗಿ ಕಡತ ತೆರೆಯುವುದಿಲ್ಲ, ತಾನಾಗಿ ಪರದೆಯ ಮೇಲೆ ಅಕ್ಷರ ಮೂಡಿಸುವುದಿಲ್ಲ. ‘ಈ ಕಡತ ತೆರೆ’, ‘ಇಲ್ಲೊಂದು ಬಟನ್ ಬಿಡಿಸು’, ‘ಇದನ್ನು ಪ್ರಿಂಟರಿಗೆ ಕಳಿಸು’ ಎಂದು ಆಪರೇಟಿಂಗ್ ಸಿಸ್ಟಮನ್ನು ಕೇಳಿಕೊಳ್ಳುತ್ತದೆ. ಹಾಗೆ ಕೇಳುವ ರೀತಿ ವಿಂಡೋಸ್‌ನಲ್ಲಿ ಒಂದು, ಲಿನಕ್ಸ್‌ನಲ್ಲಿ ಇನ್ನೊಂದು, ಆಪಲ್ ಮ್ಯಾಕ್‌ನಲ್ಲಿ ಮತ್ತೊಂದು. ವಿಂಡೋಸ್‌ನಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂದು ವಿಭಾಗಗಳಿವೆ. ಲಿನಕ್ಸ್‌ನಲ್ಲಿ ಎಲ್ಲವೂ ಒಂದೇ ಬೇರಿನಿಂದ ಕವಲೊಡೆಯುತ್ತವೆ. ಒಂದರಲ್ಲಿ ಫೋಲ್ಡರುಗಳ ನಡುವಿನ ಗೀಟು ಹಿಂದಕ್ಕೆ ವಾಲಿದರೆ ಇನ್ನೊಂದರಲ್ಲಿ ಮುಂದಕ್ಕೆ ವಾಲುತ್ತದೆ. ಕಡತದ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದರೂ ಸಣ್ಣಕ್ಷರದಲ್ಲಿ ಬರೆದರೂ ವಿಂಡೋಸ್ ಒಂದೇ ಎಂದುಕೊಳ್ಳುತ್ತದೆ, ಲಿನಕ್ಸ್ ಎರಡು ಬೇರೆ ಕಡತಗಳೆನ್ನುತ್ತದೆ. ಒಂದು ಸಾಲು ಮುಗಿಯಿತು ಎಂದು ತಿಳಿಸಲು ಒಂದು ವ್ಯವಸ್ಥೆ ಎರಡು ಗುಪ್ತ ಚಿಹ್ನೆ ಹಾಕಿದರೆ ಇನ್ನೊಂದು ಒಂದೇ ಹಾಕುತ್ತದೆ. ಇವೆಲ್ಲ ಸಣ್ಣ ಸಂಗತಿಗಳೇ. ಆದರೆ ಒಂದು ದೊಡ್ಡ ತಂತ್ರಾಂಶದಲ್ಲಿ ಇಂಥವು ಸಾವಿರಾರು ಕಡೆ ಹರಡಿರುತ್ತವೆ, ಪೋರ್ಟ್ ಮಾಡುವವನು ಒಂದೊಂದನ್ನೂ ಹುಡುಕಿ ಸರಿಪಡಿಸಬೇಕು.

ಒಂದನ್ನು ಮಾತ್ರ ಹತ್ತಿರದಿಂದ ನೋಡೋಣ. ನಮ್ಮೂರಿನ ಹೆಸರನ್ನೇ ತೆಗೆದುಕೊಳ್ಳಿ: ರಾಬರ್ಟ್‌ಸನ್‌ಪೇಟೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಗೊತ್ತುಪಡಿಸುವ ಯೂನಿಕೋಡ್ ಪ್ರಕಾರ ಬರೆದರೆ ಇದರಲ್ಲಿ 16 ಸಂಕೇತಗಳಿವೆ. ರ ಒಂದು, ಅದರ ದೀರ್ಘ ಒಂದು, ಬ ಒಂದು, ಹೀಗೆ ಎಣಿಸುತ್ತ ಹೋದರೆ 14 ಸಿಗುತ್ತವೆ. ಉಳಿದೆರಡು ಕಣ್ಣಿಗೆ ಕಾಣುವುದಿಲ್ಲ. ‘ಟ್’ ಆದ ಮೇಲೆ ‘ಸ’ ಬಂದು ಅದಕ್ಕೆ ಒತ್ತಾಗಿ ಅಂಟಿಕೊಳ್ಳಬಾರದು, ‘ನ್’ ಆದ ಮೇಲೆ ‘ಪೇ’ ಬಂದು ಅಂಟಿಕೊಳ್ಳಬಾರದು ಎಂದು ತಡೆಯಲು ಇಟ್ಟ ಅಗೋಚರ ಚಿಹ್ನೆಗಳವು. ತಂತ್ರಾಂಶವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ ಯಾರೋ ಒಬ್ಬರು ‘ಇದೇನೋ ಕಾಣದ ಕಸ’ ಎಂದು ಆ ಎರಡನ್ನು ಗುಡಿಸಿಬಿಟ್ಟರೆ ಹೆಸರು ‘ರಾಬರ್ಟ್ಸನ್ಪೇಟೆ’ ಎಂದು ಮುದ್ದೆಯಾಗಿ ಅಚ್ಚಾಗುತ್ತದೆ. ಅಷ್ಟೇ ಅಲ್ಲ, ಒಂದು ಪಟ್ಟಿಯಲ್ಲಿ ಆ ಚಿಹ್ನೆಗಳಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಹುಡುಕುವಾಗ ಕಂಪ್ಯೂಟರ್ ಅವನ್ನು ಎರಡು ಬೇರೆ ಊರುಗಳೆಂದೇ ತಿಳಿಯಬಹುದು. ಪಡಿತರದ ಪಟ್ಟಿಯಲ್ಲೋ ಮತದಾರರ ಪಟ್ಟಿಯಲ್ಲೋ ಹಾಗಾದರೆ ಏನಾಗುತ್ತದೆಂದು ಯೋಚಿಸಿ.

ಇನ್ನು ಗಾತ್ರದ ವಿಷಯ. ಸಿ ಭಾಷೆಯಲ್ಲಿ ತಂತ್ರಾಂಶ ಬರೆಯುವವರು ಇಂಥ ಅಕ್ಷರಗಳನ್ನಿಡಲು ಬಳಸುವ ಒಂದು ಬಗೆಯ ಖಾನೆಯಿದೆ. ವಿಂಡೋಸ್‌ನಲ್ಲಿ ಆ ಖಾನೆಯ ಅಗಲ 2 ಬೈಟ್, ಲಿನಕ್ಸ್‌ನಲ್ಲಿ 4 ಬೈಟ್. ಹಾಗಾಗಿ ನಮ್ಮೂರಿನ ಹೆಸರು ಅಲ್ಲಿ 32 ಬೈಟ್ ಹಿಡಿದರೆ ಇಲ್ಲಿ 64 ಹಿಡಿಯುತ್ತದೆ. ಈಗ ಎಲ್ಲೆಡೆ ರೂಢಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಅದು 48. ಹೆಸರಿಗೆ 32 ಬೈಟ್ ಸಾಕು ಎಂದು ವಿಂಡೋಸ್‌ನಲ್ಲಿ ಕೂತು ಗಟ್ಟಿಯಾಗಿ ಬರೆದಿಟ್ಟವನ ತಂತ್ರಾಂಶ ಲಿನಕ್ಸಿಗೆ ಬಂದಾಗ ಊರಿನ ಹೆಸರನ್ನು ಅರ್ಧಕ್ಕೇ ಕತ್ತರಿಸುತ್ತದೆ. ತಪ್ಪು ಸಣ್ಣದು, ಸಿಕ್ಕುವುದು ಕಷ್ಟ. ಇಂಥವನ್ನು ತಾಳ್ಮೆಯಿಂದ ಹುಡುಕುವವರ ಬಗ್ಗೆ ನನಗೆ ಬಹಳ ಗೌರವ. ಅವರ ಹೆಸರು ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ಅಂಥ ಒಬ್ಬರನ್ನು ಇಲ್ಲಿ ಹೆಸರಿಸುತ್ತೇನೆ. ಚಿತ್ರ ತಿದ್ದುವ ಜಿಂಪ್ ತಂತ್ರಾಂಶ ಹುಟ್ಟಿದ್ದು 1990ರ ದಶಕದ ನಡುವಿನಲ್ಲಿ, ಯೂನಿಕ್ಸ್ ಮಾದರಿಯ ಕಂಪ್ಯೂಟರುಗಳಿಗಾಗಿ. ಅದನ್ನು ವಿಂಡೋಸಿಗೆ ತಂದವರು ಫಿನ್‌ಲ್ಯಾಂಡಿನ ಟೋರ್ ಲಿಲ್‌ಕ್ವಿಸ್ಟ್. ಜಿಂಪ್‌ಗೆಂದೇ ಕಟ್ಟಿದ್ದ ಜಿಟಿಕೆ ಎಂಬ ಅಡಿಪಾಯವನ್ನೂ ಅವರು ವಿಂಡೋಸಿಗೆ ಸಾಗಿಸಿದರು. ಅಡಿಪಾಯವೇ ಸಾಗಿ ಬಂದದ್ದರಿಂದ ಅದರ ಮೇಲೆ ಕಟ್ಟಿದ ಬೇರೆ ಎಷ್ಟೋ ತಂತ್ರಾಂಶಗಳಿಗೂ ದಾರಿಯಾಯಿತು. ಇವತ್ತು ನಮ್ಮ ಫೋಟೋ ಸ್ಟುಡಿಯೋದ ಹುಡುಗರು ವಿಂಡೋಸ್‌ನಲ್ಲಿ ಜಿಂಪ್ ಬಳಸುತ್ತಾರಲ್ಲ, ಅದು ಲಿಲ್‌ಕ್ವಿಸ್ಟ್ ಮತ್ತು ಅವರ ನಂತರ ಬಂದವರ ದುಡಿಮೆ. ಅವರಿಗೆ ಈ ಕೆಲಸ ಸಾಧ್ಯವಾದದ್ದು ಜಿಂಪ್‌ನ ಮೂಲಸಂಕೇತ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ತೆರೆದಿದ್ದುದರಿಂದ. ಮೋಟಾರನ್ನು ಬಿಚ್ಚಲು ಬರುತ್ತಿತ್ತು.

ಈಗ ಪೇಜ್‌ಮೇಕರ್ ಮಾತಿಗೆ ಬರೋಣ. ಇದರ ಚರಿತ್ರೆ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಅಂಗಡಿಗಳಲ್ಲಿ ವಿಂಡೋಸ್ ಮತ್ತು ಪೇಜ್‌ಮೇಕರ್ ಒಟ್ಟಿಗೇ ಹುಟ್ಟಿದವು ಎಂಬ ಭಾವನೆಯಿದೆ. ಆದರೆ ಆಲ್ಡಸ್ ಎಂಬ ಕಂಪನಿ 1985ರಲ್ಲಿ ಪೇಜ್‌ಮೇಕರನ್ನು ಬಿಡುಗಡೆ ಮಾಡಿದ್ದು ಆಪಲ್ ಕಂಪನಿಯ ಮ್ಯಾಕಿಂಟಾಷ್ ಯಂತ್ರಕ್ಕೆ. ಐಬಿಎಂ ಮಾದರಿಯ ಪಿಸಿಗೆ ಅದು ಬಂದದ್ದು 1987ರಲ್ಲಿ. ಆಗ ಹೆಚ್ಚಿನ ಪಿಸಿಗಳಲ್ಲಿ ವಿಂಡೋಸ್ ಇರಲೇ ಇಲ್ಲ. ಆದ್ದರಿಂದ ತಾನು ಓಡಲು ಬೇಕಾಗುವಷ್ಟು ವಿಂಡೋಸನ್ನು ಪೇಜ್‌ಮೇಕರ್ ತನ್ನ ಜೊತೆಯಲ್ಲೇ ಹೊತ್ತು ತಂದಿತು. ಅಂದರೆ ನಾವು ಇಷ್ಟು ವರ್ಷ ಲಗ್ನಪತ್ರಿಕೆ ಮಾಡಿದ ತಂತ್ರಾಂಶವೇ ಪೋರ್ಟ್ ಆಗಿ ಬಂದದ್ದು. ಬೇಕೆನಿಸಿದ್ದರೆ ಮುಂದಕ್ಕೂ ಸಾಗಿಸಬಹುದಿತ್ತು. ಸಾಗಿಸಲಿಲ್ಲ. ಆಲ್ಡಸ್ ಅಡೋಬ್ ಕೈಸೇರಿತು, 2001ರಲ್ಲಿ 7.0 ಆವೃತ್ತಿ ಬಂತು, ಅದೇ ಕೊನೆ. ಅದಕ್ಕೆ ಯೂನಿಕೋಡ್ ಕನ್ನಡ ಬಾರದು. ಲಿನಕ್ಸಿಗೆ ಅದು ಬರಲೇ ಇಲ್ಲ. ಮೂಲಸಂಕೇತ ಕಂಪನಿಯ ಹತ್ತಿರವೇ ಉಳಿದದ್ದರಿಂದ ಹೊರಗಿನವರು ಯಾರೂ ತರಲಾಗಲಿಲ್ಲ.

2001 ನಮ್ಮೂರಿನವರು ಮರೆಯುವ ವರ್ಷವಲ್ಲ. ಆ ವರ್ಷ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿ ಮುಚ್ಚಿತು. ಆಮೇಲೆ ಬಾಕಿ ಹಣಕ್ಕಾಗಿ, ವಾಸವಿದ್ದ ಮನೆಯ ಹಕ್ಕಿಗಾಗಿ ಕಾರ್ಮಿಕರ ಕುಟುಂಬಗಳು ಅರ್ಜಿಯ ಮೇಲೆ ಅರ್ಜಿ ಬರೆಸಿದವು. ಸಂಘಗಳ ಮನವಿ, ಸಭೆಯ ಕರಪತ್ರ, ಶಾಲೆಗಳ ಸ್ಮರಣ ಸಂಚಿಕೆ ಎಲ್ಲವೂ ಊರಿನ ಡಿಟಿಪಿ ಅಂಗಡಿಗಳಲ್ಲೇ ಅಕ್ಷರ ಜೋಡಣೆಯಾದವು. ಆ ಕಡತಗಳು ಇವತ್ತಿಗೂ ಹಳೆಯ ಹಾರ್ಡ್‌ಡಿಸ್ಕುಗಳಲ್ಲಿ, ಸಿಡಿಗಳಲ್ಲಿ ಬಿದ್ದಿವೆ. ಒಂದು ಊರು ತನ್ನ ಬದುಕಿನ ಕಷ್ಟದ ಕಾಲವನ್ನು ಬರೆದಿಟ್ಟ ಕಡತಗಳವು. ಅವನ್ನು ಓದಲು ಬೇಕಾದ ತಂತ್ರಾಂಶ ಮಾತ್ರ ಒಂದೊಂದಾಗಿ ಕಣ್ಮರೆಯಾಗುತ್ತಿದೆ. ಪೋರ್ಟಿಂಗ್ ವಿಷಯ ನನಗೆ ಬರೀ ತಾಂತ್ರಿಕ ವಿಷಯವಾಗಿ ಕಾಣದಿರುವುದು ಇದಕ್ಕೇ.

ಇನ್ನು ನುಡಿ. ಅದಕ್ಕೂ ಮೊದಲು ಕನ್ನಡ ಬರೆಯಲೆಂದೇ ಬರಹ ಎಂಬ ತಂತ್ರಾಂಶವನ್ನು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದರು. ಅದಾದ ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರದ ಪರವಾಗಿ ನುಡಿಯನ್ನು ತಂದಿತು. ಕನ್ನಡದ ಹಳ್ಳಿ ಹಳ್ಳಿಗೂ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಕಲಿಸಿದ್ದು ಇವೆರಡು. ಆ ಉಪಕಾರ ದೊಡ್ಡದು. ಎರಡೂ ವಿಂಡೋಸ್‌ಗೆಂದೇ ಬರೆದವು.

ನುಡಿ ಕೆಲಸ ಮಾಡುವ ಬಗೆ ಹೀಗಿದೆ. ನೀವು ಯಾವುದೋ ತಂತ್ರಾಂಶದಲ್ಲಿ ಕೀಲಿ ಒತ್ತುತ್ತೀರಿ. ಆ ಒತ್ತು ಅಲ್ಲಿಗೆ ತಲುಪುವ ಮೊದಲೇ ನುಡಿ ಅದನ್ನು ದಾರಿಯಲ್ಲಿ ತಡೆದು, ಇಂಗ್ಲಿಷಿನ ಕೆ ಬದಲು ಕನ್ನಡದ ಕ ಕಳಿಸುತ್ತದೆ. ಹೀಗೆ ನಡುವೆ ನಿಂತು ತಡೆಯಲು ವಿಂಡೋಸ್ ಒಂದು ಕೊಕ್ಕೆ ಒದಗಿಸುತ್ತದೆ. ಲಿನಕ್ಸ್‌ನಲ್ಲಿ ಆ ಕೊಕ್ಕೆ ಇಲ್ಲ, ಬೇರೆ ಏರ್ಪಾಡಿದೆ. ಹಾಗಾದರೆ ನಡುವೆ ಆವರ್ತ ಬದಲಿಸುವ ಯಂತ್ರ ಕೂರಿಸಿದರೆ? ಅಂಥದ್ದೂ ಇದೆ. ವೈನ್ ಎಂದು ಅದರ ಹೆಸರು. ವಿಂಡೋಸ್ ತಂತ್ರಾಂಶ ಕೇಳುವ ಪ್ರತಿಯೊಂದನ್ನೂ ಲಿನಕ್ಸಿಗೆ ಅರ್ಥವಾಗುವಂತೆ ಬದಲಿಸಿ ಕೊಡುವ ಪದರ ಅದು. 1993ರಲ್ಲಿ ಶುರುವಾದ ಅದರ 1.0 ಆವೃತ್ತಿ ಹೊರಬಂದದ್ದು 2008ರಲ್ಲಿ. ಹದಿನೈದು ವರ್ಷ! ವಿಂಡೋಸಿನ ಒಳಗುಟ್ಟನ್ನು ಹೊರಗಿನಿಂದ ಗಮನಿಸುತ್ತ ಗಮನಿಸುತ್ತ ಕಟ್ಟಬೇಕಾದ್ದರಿಂದ ಅಷ್ಟು ಕಾಲ ಹಿಡಿಯಿತು. ಆ ಪದರದೊಳಗೆ ನುಡಿಯನ್ನು ಓಡಿಸಿದರೂ, ಅದರ ಕೊಕ್ಕೆ ಆ ಪದರದೊಳಗಿರುವ ತಂತ್ರಾಂಶಗಳಿಗಷ್ಟೇ ತಾಗುತ್ತದೆ. ಪಕ್ಕದಲ್ಲೇ ಲಿನಕ್ಸಿನ ಲಿಬ್ರೆ ಆಫೀಸ್ ತೆರೆದಿದ್ದರೆ ಅದರಲ್ಲಿ ಇಂಗ್ಲಿಷೇ ಮೂಡುತ್ತದೆ. ನುಡಿಗೆ ಬೇಕಿದ್ದದ್ದು ಹೊಸ ಸುತ್ತು.

ಆದರೆ ಇಲ್ಲೊಂದು ಸಂತೋಷದ ಸಂಗತಿಯಿದೆ, ನಾನು ಹೇಳಬೇಕೆಂದಿರುವ ಮುಖ್ಯ ಮಾತೂ ಇದೇ. ನುಡಿ ಎಂಬ ತಂತ್ರಾಂಶ ಲಿನಕ್ಸಿಗೆ ಹೋಗದಿದ್ದರೂ ನುಡಿಯ ಕೀಲಿಮಣೆ ವಿನ್ಯಾಸ ಹೋಯಿತು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಅದಕ್ಕೆ ಆಧಾರ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಕ್ಯು ಒತ್ತಿದರೆ ಟ, ಡಬ್ಲ್ಯು ಒತ್ತಿದರೆ ಡ. ಎಫ್ ಒತ್ತಿದರೆ ಮುಂದಿನ ಅಕ್ಷರ ಒತ್ತಾಗುತ್ತದೆ. ನಮ್ಮ ಟೈಪಿಂಗ್ ಮಾಡುವ ಹೆಣ್ಣುಮಕ್ಕಳ ಬೆರಳಿಗೆ ಇದು ಎಷ್ಟು ಕೂತಿದೆಯೆಂದರೆ ಅವರು ಕೀಲಿಮಣೆ ನೋಡುವುದೇ ಇಲ್ಲ. ಈ ವಿನ್ಯಾಸ ಯಾರ ಪೆಟ್ಟಿಗೆಯಲ್ಲೂ ಬಂದಿಯಾಗಿರಲಿಲ್ಲ, ಎಲ್ಲರಿಗೂ ತಿಳಿದಿತ್ತು. ಯಾವ ಕೀಲಿಗೆ ಯಾವ ಅಕ್ಷರ ಎಂಬ ಒಂದು ಪಟ್ಟಿ, ಅಷ್ಟೆ. ಸ್ವತಂತ್ರ ತಂತ್ರಾಂಶದ ಜನ ಆ ಪಟ್ಟಿಯನ್ನು ತಮ್ಮ ವ್ಯವಸ್ಥೆಗೆ ಬರೆದುಕೊಂಡರು. ಇವತ್ತು ಉಬುಂಟು, ಫೆಡೋರಾ, ಡೆಬಿಯನ್ ಯಾವುದನ್ನೇ ಹಾಕಿಕೊಂಡರೂ ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡ ಕಗಪ ಎಂಬುದು ಸಿಗುತ್ತದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ತೆರೆದಿಟ್ಟ ಒಂದು ಪುಟದ ಪಟ್ಟಿ ಎಲ್ಲ ಗಡಿಗಳನ್ನೂ ದಾಟಿತು, ಮುಚ್ಚಿಟ್ಟ ದೊಡ್ಡ ತಂತ್ರಾಂಶ ಒಂದೇ ಕಡೆ ಉಳಿಯಿತು. ಆದ್ದರಿಂದ ‘ನುಡಿ ಬರುತ್ತಾ?’ ಎಂಬ ಮೊದಲ ಪ್ರಶ್ನೆಗೆ ನನ್ನ ಉತ್ತರ: ನಿಮ್ಮ ಬೆರಳಿಗೆ ಬೇಕಾದ ನುಡಿ ಅಲ್ಲಿ ಈಗಾಗಲೇ ಇದೆ.

ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಸಲೀಸಲ್ಲ. ಪೇಜ್‌ಮೇಕರ್ ಬದಲು ಲಿನಕ್ಸ್‌ನಲ್ಲಿ ಸ್ಕ್ರೈಬಸ್ ಎಂಬ ಪುಟವಿನ್ಯಾಸದ ತಂತ್ರಾಂಶವಿದೆ. ಅದು ಹುಟ್ಟಿದ್ದೇ ಲಿನಕ್ಸ್‌ನಲ್ಲಿ, ಆಮೇಲೆ ವಿಂಡೋಸಿಗೂ ಮ್ಯಾಕ್‌ಗೂ ಪೋರ್ಟ್ ಆಯಿತು. ಬಹಳ ಕಾಲ ಅದರಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತಿರಲಿಲ್ಲ. ಅರಬ್ಬಿ ಲಿಪಿಗಾಗಿ ಒಮಾನ್ ದೇಶದ ಒಂದು ತಂಡ ಅದರ ಅಕ್ಷರ ಜೋಡಣೆಯ ಭಾಗವನ್ನು ಹೊಸದಾಗಿ ಬರೆಯಿತು. 2017ರ 1.5.3 ಆವೃತ್ತಿಯಲ್ಲಿ ಅದು ಸೇರಿತು. ಅರಬ್ಬಿಗೆ ಮಾಡಿದ ಕೆಲಸ ಕನ್ನಡಕ್ಕೂ ತಮಿಳಿಗೂ ತೆಲುಗಿಗೂ ದಾರಿ ಮಾಡಿತು. ಸ್ಕ್ರೈಬಸ್ ಕಲಿಯಲು ಒಂದಷ್ಟು ದಿನ ಕೂರಬೇಕು, ಪೇಜ್‌ಮೇಕರಿನ ಅಭ್ಯಾಸ ಅಲ್ಲಿ ನೇರವಾಗಿ ನಡೆಯುವುದಿಲ್ಲ. ಕರಪತ್ರ, ಅರ್ಜಿ, ಪ್ರಶ್ನೆಪತ್ರಿಕೆಯಂಥ ಕೆಲಸಕ್ಕೆ ಲಿಬ್ರೆ ಆಫೀಸ್ ಸಾಕಾಗುತ್ತದೆ. ಪ್ರಿಂಟರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕೆಲವು ಲೇಸರ್ ಪ್ರಿಂಟರುಗಳು ಪುಟ ಮೂಡಿಸುವ ಲೆಕ್ಕಾಚಾರವನ್ನೆಲ್ಲ ಕಂಪ್ಯೂಟರಿನ ಮೇಲೆ ಹಾಕುತ್ತವೆ, ಅಂಥವಕ್ಕೆ ಕಂಪನಿಯೇ ಲಿನಕ್ಸ್ ಡ್ರೈವರ್ ಕೊಡದಿದ್ದರೆ ಅವು ಮಿಸುಕುವುದಿಲ್ಲ. ಲಿನಕ್ಸ್ ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ಅದನ್ನು ಓಡಿಸಿ, ನಿಮ್ಮ ಪ್ರಿಂಟರಿನಲ್ಲಿ ಒಂದು ಪುಟ ತೆಗೆದು ನೋಡಿ.

ಮೂರನೆಯದು ಹಳೆಯ ಕಡತಗಳು. ನಿಜವಾದ ಗಂಟಿರುವುದು ಇಲ್ಲಿ.

ನುಡಿಯಲ್ಲೂ ಬರಹದಲ್ಲೂ ಆ ಕಾಲದಲ್ಲಿ ಟೈಪ್ ಮಾಡಿದ ಕಡತದೊಳಗೆ ಕನ್ನಡ ಎಂಬುದೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡದ ತುಣುಕುಗಳ ಚಿತ್ರ ಕೂರಿಸಿದ ಫಾಂಟು ಇತ್ತು. ಆ ಫಾಂಟು ತೆಗೆದುಬಿಟ್ಟರೆ ಬಣ್ಣ ಬಯಲಾಗುತ್ತದೆ. ‘ಕನ್ನಡ’ ಎಂದು ಬರೆದಲ್ಲಿ ಕ ಬದಲು ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ಎ, ನ ಇರಬೇಕಾದಲ್ಲಿ ಪೌಂಡ್ ನಾಣ್ಯದ ಚಿಹ್ನೆ, ಒತ್ತಿನ ಜಾಗದಲ್ಲಿ ಜರ್ಮನ್ ಭಾಷೆಯ ಒಂದು ಅಕ್ಷರ, ಡ ಬದಲು ಸಣ್ಣ ಕ್ಯು. ಲಿನಕ್ಸಿಗೆ ಕಡತ ಒಯ್ದಾಗ ಅಂಗಡಿಯವರು ಹೆದರುವುದು ಇದನ್ನು ನೋಡಿಯೇ. ಕಡತ ಕೆಟ್ಟಿಲ್ಲ. ಅದು ಮೊದಲಿಂದಲೂ ಹಾಗೆಯೇ ಇತ್ತು, ಫಾಂಟು ಮುಚ್ಚಿಟ್ಟಿತ್ತು.

ಇದನ್ನು ಯೂನಿಕೋಡಿಗೆ ಪರಿವರ್ತಿಸಬಹುದು. ಒಂದಕ್ಕೆ ಒಂದು ಬದಲಿಸಿದರೆ ಆಯಿತು ಎಂದುಕೊಳ್ಳಬೇಡಿ. ನಮ್ಮ ಎಂ.ಜಿ. ಮಾರ್ಕೆಟ್ ಹೆಸರನ್ನು ನೋಡಿ. ಹಳೆಯ ಪದ್ಧತಿಯಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಸಂಕೇತ ಜೋಡಿಸುತ್ತಿದ್ದರು: ಮಾ, ಆಮೇಲೆ ಕೆ, ಆಮೇಲೆ ಅರ್ಕಾವತ್ತು, ಕೊನೆಗೆ ಟ್. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ಮಾ ಆದ ಮೇಲೆ ರ್, ಆಮೇಲೆ ಕೆ. ಹಾಗಾಗಿ ಪರಿವರ್ತಕ ಹಿಂದೆ ಇರುವ ಅರ್ಕಾವತ್ತನ್ನು ಎತ್ತಿ ಮುಂದಕ್ಕೆ ಇಡಬೇಕು. ‘ಅಕ್ಕಿ’ ಎಂಬಲ್ಲಿ ಇನ್ನೊಂದು ಬಗೆ: ಮೊದಲು ‘ಕಿ’ ಬರುತ್ತದೆ, ಆಮೇಲೆ ಅದರ ಒತ್ತು. ಗುಡಿಸನ್ನು ಬಿಡಿಸಿಕೊಂಡು ಒತ್ತು ದಾಟಿಸಿ ಕೊನೆಗೆ ಹಚ್ಚಬೇಕು. ನಮ್ಮಲ್ಲಿ ಈ ಕೆಲಸಕ್ಕೆ ಅರವಿಂದ ವಿ.ಕೆ. ಅವರು ಪರಿವರ್ತಕವೊಂದನ್ನು ಬರೆದು ಮೂಲಸಂಕೇತ ಸಮೇತ ಎಲ್ಲರಿಗೂ ಕೊಟ್ಟಿದ್ದಾರೆ. ಗುಬ್ಬಿ, ನವಿಲು ಎಂಬ ಯೂನಿಕೋಡ್ ಫಾಂಟುಗಳನ್ನು ಮಾಡಿ ಉಚಿತವಾಗಿ ಕೊಟ್ಟವರೂ ಅವರೇ. ಕನ್ನಡಕ್ಕೆ ಇಷ್ಟು ದೊಡ್ಡ ಕೆಲಸವನ್ನು ಸದ್ದಿಲ್ಲದೆ ಮಾಡಿದವರನ್ನು ನಾವು ಸಭೆ ಕರೆದು ಗೌರವಿಸಬೇಕು.

ಇಲ್ಲೊಂದು ಅಪಾಯವಿದೆ, ನಮ್ಮೂರಿನವರು ವಿಶೇಷವಾಗಿ ಗಮನಿಸಬೇಕಾದ್ದು. ಕೆಜಿಎಫ್‌ನಲ್ಲಿ ಒಂದು ಲಗ್ನಪತ್ರಿಕೆಯಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಇರುತ್ತವೆ, ಒಮ್ಮೊಮ್ಮೆ ತೆಲುಗೂ ಸೇರುತ್ತದೆ. ತಮಿಳಿನವರಿಗೂ ನಮ್ಮ ಹಾಗೆಯೇ ಹಳೆಯ ಸಂಕೇತಗಳ ಗೋಜಲಿತ್ತು. ತಮಿಳುನಾಡಿನ ಸರ್ಕಾರ 1999ರಲ್ಲಿ ಟ್ಯಾಮ್, ಟ್ಯಾಬ್ ಎಂಬ ಸಂಕೇತಗಳನ್ನೂ ತಮಿಳ್99 ಕೀಲಿಮಣೆಯನ್ನೂ ಗೊತ್ತುಪಡಿಸಿತು. ಈಗ ಒಂದೇ ಕಡತದಲ್ಲಿ ಇಂಗ್ಲಿಷಿನ ಪಿ ಇದ್ದರೆ ಅದು ನಿಜವಾಗಿ ಪಿ ಆಗಿರಬಹುದು, ನುಡಿಯ ಕ ಆಗಿರಬಹುದು, ತಮಿಳಿನ ಯಾವುದೋ ತುಣುಕಾಗಿರಬಹುದು. ಯಾವುದೆಂದು ಹೇಳಬಲ್ಲದ್ದು ಆ ಜಾಗಕ್ಕೆ ಹಚ್ಚಿದ ಫಾಂಟಿನ ಹೆಸರು ಮಾತ್ರ. ಆ ಹೆಸರು ಉಳಿಯಬೇಕಾದರೆ ಕಡತವನ್ನು ಮೂಲ ರೂಪದಲ್ಲೇ ಇಟ್ಟುಕೊಳ್ಳಬೇಕು. ಜಾಗ ಉಳಿಸಲೆಂದು ಬರೀ ಟೆಕ್ಸ್ಟ್ ಮಾಡಿ ಇಟ್ಟರೆ ಫಾಂಟಿನ ಹೆಸರು ಹೋಯಿತು, ಮೂರು ಭಾಷೆ ಒಂದರೊಳಗೊಂದು ಕಲಸಿಹೋದವು, ಮತ್ತೆ ಬಿಡಿಸಲಾಗದು.

‘ಲಿನಕ್ಸ್ ಎಲ್ಲ ಬೆಂಗಳೂರಿನ ಕಂಪನಿಯವರಿಗೆ ಸಾರ್, ನಮ್ಮಂಥವರಿಗಲ್ಲ’ ಎನ್ನುವವರಿಗೆ ಕಾಸರಗೋಡಿನ ಕಡೆ ನೋಡಿ ಎನ್ನುತ್ತೇನೆ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ, ಅಂದರೆ ಈಗಿನ ಕೈಟ್ ಸಂಸ್ಥೆ, ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠವನ್ನು ಲಿನಕ್ಸಿಗೆ ತಂದು ಎಷ್ಟೋ ವರ್ಷವಾಯಿತು. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಕಂಪ್ಯೂಟರಿನಲ್ಲಿ, ಕನ್ನಡದ ಪಠ್ಯಪುಸ್ತಕ ಇಟ್ಟುಕೊಂಡು ಕಲಿಯುತ್ತಾರೆ. ಅಲ್ಲಿಯ ಹಳ್ಳಿ ಶಾಲೆಯ ಎಂಟನೆಯ ತರಗತಿಯ ಹುಡುಗಿಗೆ ಆಗುವ ಕೆಲಸ ಇಲ್ಲಿ ಇಪ್ಪತ್ತು ವರ್ಷ ಅಕ್ಷರ ಜೋಡಿಸಿದವರಿಗೆ ಆಗದೆ ಇರುತ್ತದೆಯೇ?

ಕನ್ನಡಕ್ಕೆಂದು ಸಾರ್ವಜನಿಕ ಹಣದಲ್ಲಿ ತಯಾರಾಗುವ ಯಾವ ತಂತ್ರಾಂಶವೂ ಒಂದೇ ಆಪರೇಟಿಂಗ್ ಸಿಸ್ಟಮಿಗೆ ಕಟ್ಟಿಬೀಳಬಾರದು, ಅದರ ಮೂಲಸಂಕೇತ ಜನರ ಕೈಗೆ ಸಿಗಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಮೊದಲೇ ಕ್ಯೂಟಿ, ಜಿಟಿಕೆಯಂಥ ಎಲ್ಲೆಡೆ ಓಡುವ ಅಡಿಪಾಯದ ಮೇಲೆ ಕಟ್ಟಿದರೆ ಮುಂದೆ ಪೋರ್ಟ್ ಮಾಡುವವರ ಕಷ್ಟ ಬಹಳಷ್ಟು ತಪ್ಪುತ್ತದೆ. ಹೆಚ್ಚಿನ ಖರ್ಚೇನೂ ಇಲ್ಲ, ಶುರುವಿನಲ್ಲೇ ಯೋಚಿಸಬೇಕು ಅಷ್ಟೆ.

ಉರಿಗಾಂನ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳೇ, ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆ ದಾಟಿ ದಿನವೂ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಹೋಗಿಬರುವ ತಮ್ಮಂದಿರೇ, ತಂಗಿಯರೇ, ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕಿಕೊಂಡು ದೂರ ಹೋಗಬೇಡಿ. ಮೂರು ಭಾಷೆಯ ಫಾಂಟುಗಳು ಬೆರೆತ ಹಳೆಯ ಕಡತವನ್ನು ಯೂನಿಕೋಡಿಗೆ ಬಿಡಿಸಿ ಕೊಡುವ ತಂತ್ರಾಂಶವೊಂದನ್ನು ಬರೆಯಿರಿ, ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಓಡುವಂತೆ ಬರೆಯಿರಿ, ಪರೀಕ್ಷಿಸಲು ಬೇಕಾದ ಕಡತಗಳು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯ ಅಂಗಡಿಗಳಲ್ಲೇ ರಾಶಿ ಬಿದ್ದಿವೆ.

ಅಂಗಡಿಯವರಿಗೆ ಕೊನೆಯದಾಗಿ ಎರಡು ಮಾತು. ಹಳೆಯ ಕಂಪ್ಯೂಟರನ್ನು ಅಳಿಸುವ ಮೊದಲು ಅದರಲ್ಲಿರುವ ಕಡತಗಳ ಜೊತೆಗೆ ಫಾಂಟುಗಳ ಫೋಲ್ಡರನ್ನೂ ನಕಲು ಮಾಡಿ ಎರಡು ಕಡೆ ಇಟ್ಟುಕೊಳ್ಳಿ. ಮುಖ್ಯವಾದ ಕಡತಗಳನ್ನು ಹಳೆಯ ಯಂತ್ರದಲ್ಲೇ ಪಿಡಿಎಫ್ ಕೂಡ ಮಾಡಿಡಿ, ಅಕ್ಷರ ಹೇಗಿತ್ತೆಂದು ನಾಳೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಇವತ್ತಿನಿಂದ ಟೈಪ್ ಮಾಡುವ ಹೊಸ ಕೆಲಸವನ್ನೆಲ್ಲ ಯೂನಿಕೋಡಿನಲ್ಲೇ ಮಾಡಿ.